ದಸರಾ ರಜೆಗೆ ಶಿವಮೊಗ್ಗ, ಜೊತೆಗೆ ಇಬ್ಬರು ಚಿಕ್ಕಮಕ್ಕಳು

ನಾಲ್ಕು ವರ್ಷದ ಮಗಳು, ಆರು ವರ್ಷದ ಮಗನ್ನ ಕರ್ಕೊಂಡು ತೋಟದ ಮನೆಗೆ ಬರ್ತಿದೀವಿ, ಜಾಸ್ತಿ ಓಡಾಟ ಇಲ್ದೆ ಎಲ್ಲಿಗೆ ಹೋಗ್ಬಹುದು ಅಂತ ಕೇಳಿದೀರಲ್ಲ, ಜೋಗ ಈ ಸಲ ಬಿಡಿ ಮೇಡಂ, ಹತ್ತತ್ರ ನೂರು ಕಿಲೋಮೀಟರ್, ಚಿಕ್ಕವರು ಸುಸ್ತಾಗ್ಬಿಡ್ತಾರೆ.

ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ. ತೀರ್ಥಹಳ್ಳಿ ರೋಡಲ್ಲಿ 14 ಕಿಲೋಮೀಟರ್ ಅಷ್ಟೆ, ಆದ್ರೆ ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿರಿ. ರಾತ್ರಿ ಕಾಡಲ್ಲಿ ಮೇಯೋಕೆ ಬಿಟ್ಟಿರೋ ಆನೆಗಳನ್ನ ಮಾವುತರು ಕರ್ಕೊಂಡ್ ಬಂದು ತುಂಗೆ ಹಿನ್ನೀರಲ್ಲಿ ಮಲಗಿಸಿ ಮೈ ಉಜ್ಜುತಾರೆ, ಆಮೇಲೆ ಹುಲ್ಲಲ್ಲಿ ಭತ್ತ ಬೆಲ್ಲ ಇಟ್ಟು ಸುತ್ತಿ ಬಾಯಿಗೆ ಕೊಡ್ತಾರೆ. ನನ್ನ ಮಗಳು ಅರ್ಧ ಗಂಟೆ ಕದಲ್ದೆ ನಿಂತಿದ್ಲು, ಆನೆಗೂ ಕಿವಿ ಒಳಗೆ ನೀರು ಹೋಗುತ್ತಾ ಅಮ್ಮ ಅಂತ ಕೇಳಿದ್ದೇ ಕೇಳಿದ್ದು. ಮಧ್ಯಾಹ್ನ ಹೋದ್ರೆ ಆನೆ ವಾಪಸ್ ಕಾಡಿಗೆ ಹೋಗಿರುತ್ವೆ.

ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿನೂ ಚೆನ್ನಾಗಿದೆ, ಮಂಗಳವಾರ ರಜ. ಮಂಡಗದ್ದೇಲಿ ಹಕ್ಕಿ ಗೂಡು ಮಳೆಗಾಲದಲ್ಲೇ ಜಾಸ್ತಿ.

ಆದ್ರೆ ನಿಜವಾದ ಮಜಾ ನಿಮ್ಮ ತೋಟದಲ್ಲೇ ಇದೆ. ಬಿದ್ದಿರೋ ಅಡಿಕೆ ಹಾಳೇಲಿ ಅಗಲವಾದ್ದು ಒಂದು ಆರಿಸ್ಕೊಳ್ಳಿ, ಮಗಳನ್ನ ಹಾಳೆ ಮೇಲೆ ಕೂರಿಸಿ, ಎರಡೂ ಕೈಯಲ್ಲಿ ಅಂಚು ಹಿಡ್ಕೊಳ್ಳೋಕೆ ಹೇಳಿ, ಮಗ ಸೋಗೆ ತುದಿ ಹಿಡಿದು ಅಂಗಳದಲ್ಲಿ ಎಳೀಲಿ. ನಮ್ಮನೇಲಿ ಸಂಜೆ ಹೊತ್ತಿಗೆ ಮೂರು ಹಾಳೆ ಸವೆದು ಹೋಗಿದ್ವು, ಮೊಬೈಲ್ ಯಾರೂ ಕೇಳ್ಲೇ ಇಲ್ಲ. ತೋಟಕ್ಕಿಳಿಯೋವಾಗ ಮಾತ್ರ ಒಂದು ಬಟ್ಟೇಲಿ ಉಪ್ಪು ಕಟ್ಕೊಂಡ್ ಹೋಗಿ, ಒದ್ದೆ ಇದ್ರೆ ಉಂಬಳ (ಜಿಗಣೆ) ಹತ್ತುತ್ವೆ, ಉಪ್ಪು ತಾಗಿಸಿದ್ರೆ ಬಿಡುತ್ವೆ, ಮಕ್ಕಳು ರಕ್ತ ನೋಡಿ ಹೆದರ್ಕೋತಾರೆ.