ಮಾತ್ರೆ ಬಿಟ್ಟಿದ್ದು ಎರಡು ಸಲ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನಾನು ಆಪ್ತಸಮಾಲೋಚಕಿ. ಮೊದಲ ಸಲ ನನ್ನ ಬಳಿ ಬಂದಾಗ ಆ ಮಹಿಳೆ ಹೇಳಿಕೊಂಡಿದ್ದು ಸಿಟ್ಟಿನ ಬಗ್ಗೆ. "ಸಣ್ಣದಕ್ಕೆಲ್ಲ ರೇಗ್ತೀನಿ ಮೇಡಂ. ರಾತ್ರಿ ನಿದ್ದೆ ಇಲ್ಲ. ಮನೆಯವರು ನಿನಗೆ ತಲೆ ಕೆಟ್ಟಿದೆ ಅಂತಾರೆ."

ನೀರು ಕೊಟ್ಟೆ. ಲೋಟ ಹಿಡಿದ ಕೈ ನಡುಗಿ ಸೆರಗಿನ ಮೇಲೆ ನೀರು ತುಳುಕಿತು. ಕೈ ಚಾಚಲು ಹೇಳಿ ಬೆರಳುಗಳ ಮೇಲೆ ತೆಳು ಹಾಳೆಯೊಂದನ್ನು ಇಟ್ಟೆ. ಅದರ ಅಂಚು ಪಟಪಟ ಅದುರುತ್ತಿತ್ತು. ಥೈರಾಯ್ಡ್ ತೊಂದರೆ ಇದೆಯಾ ಎಂದು ಕೇಳಿದೆ.

"ಇತ್ತು. ವಾಸಿಯಾಯ್ತು. ಮಾತ್ರೆ ಬಿಟ್ಟೆ."

ಬಿಟ್ಟಿದ್ದು ಐದನೇ ತಿಂಗಳಿಗೆ. ಎದೆಬಡಿತ ತಗ್ಗಿತ್ತು, ತೂಕ ಏರತೊಡಗಿತ್ತು, ರಿಪೋರ್ಟ್ ನಾರ್ಮಲ್ ಬಂದಿತ್ತು. ಇನ್ನೇನು ಬೇಕು, ಅಲ್ವಾ? ಥೈರಾಯ್ಡಿನ ಮಾತ್ರೆ ಕಾರ್ಬಿಮಜೋಲ್ ಜೊತೆಗೆ ಎದೆಬಡಿತಕ್ಕೆಂದು ಕೊಟ್ಟಿದ್ದ ಪ್ರೊಪ್ರನೊಲಾಲನ್ನೂ ಅದೇ ದಿನ ಬಿಟ್ಟಿದ್ದರು. ಅದನ್ನಂತೂ ಒಮ್ಮೆಗೇ ನಿಲ್ಲಿಸಲೇಬಾರದು, ವೈದ್ಯರು ಹೇಳಿದಂತೆ ಇಳಿಸುತ್ತಾ ಬರಬೇಕು.

ಔಷಧಿ ವಿಷಯದಲ್ಲಿ ತೀರ್ಮಾನ ನನ್ನದಲ್ಲ. ನನ್ನೆದುರೇ ವೈದ್ಯರಿಗೆ ಫೋನ್ ಮಾಡಿಸಿದೆ. ಒಂದನ್ನು ಮಾತ್ರ ಬಿಡಿಸಿ ಹೇಳಿದೆ: ರಿಪೋರ್ಟ್ ನಾರ್ಮಲ್ ಆಗಿದ್ದು ಮಾತ್ರೆಯಿಂದ. ಅದು ಹಾರ್ಮೋನ್ ತಯಾರಿಯನ್ನು ಹಿಡಿದಿಡುತ್ತದೆ, ಅಷ್ಟೇ. ಅವರಿಗಿದ್ದ ಗ್ರೇವ್ಸ್ ಕಾಯಿಲೆಯಲ್ಲಿ (ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ) ಗ್ರಂಥಿಯನ್ನು ಕೆರಳಿಸುವ, ದೇಹವೇ ತಯಾರಿಸುವ ಆಂಟಿಬಾಡಿ ಇನ್ನೂ ಒಳಗೆ ಇರಬಹುದು. ಅದಕ್ಕೇ ಸಾಮಾನ್ಯವಾಗಿ 12ರಿಂದ 18 ತಿಂಗಳು ಮಾತ್ರೆ ಕೊಡುತ್ತಾರೆ. ತಾವಾಗಿಯೇ ನಿಲ್ಲಿಸಬೇಕಾದ ಸಂದರ್ಭ ಒಂದಿದೆ: ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಕಾರ್ಬಿಮಜೋಲ್ ನಿಲ್ಲಿಸಿ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಅಪರೂಪಕ್ಕೆ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ.

ಮಾತ್ರೆ ಮತ್ತೆ ಶುರುವಾಯಿತು. ಸಿಟ್ಟು ಇಳಿಯಿತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಒಂದೂವರೆ ವರ್ಷದ ಮೇಲೆ ಮತ್ತೆ ಬಂದರು. ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ ಪರೀಕ್ಷೆ) ಸರಿಯಿದೆ, ಆಂಟಿಬಾಡಿ ಪರೀಕ್ಷೆಯೂ ನೆಗೆಟಿವ್, ನಿಲ್ಲಿಸಿ ಎಂದಿದ್ದಾರೆ ವೈದ್ಯರು. ಇವರಿಗೆ ಧೈರ್ಯ ಇಲ್ಲ! ಹಳೇ ಕಾರ್ಬಿಮಜೋಲ್ ಸ್ಟ್ರಿಪ್ ಪರ್ಸಿನಲ್ಲೇ ಇತ್ತು. ಎದೆ ಹೊಡೆದುಕೊಂಡಾಗೆಲ್ಲ ಅರ್ಧ ನುಂಗುತ್ತಿದ್ದರು.

ನನಗೆ ಹೆಚ್ಚು ಚಿಂತೆಯಾಗಿದ್ದು ಈ ಅರ್ಧ ಮಾತ್ರೆಯೇ. ಹೀಗೆ ನುಂಗುತ್ತಿದ್ದರೆ ಕಾಯಿಲೆ ಮರಳಿದೆಯೋ ಇಲ್ಲವೋ ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗದೆ ಹೋಗಬಹುದು. ಸುಮ್ನೆ ಸಮಾಧಾನ ಹೇಳಲಿಲ್ಲ. ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮರಳುತ್ತದೆ, ಜಾಸ್ತಿ ಮೊದಲ ವರ್ಷದಲ್ಲೇ ಎಂದೆ. ಮರಳಿದರೂ ದಾರಿಗಳಿವೆ: ಮತ್ತೆ ಮಾತ್ರೆ, ಗ್ರಂಥಿಯನ್ನು ಕುಗ್ಗಿಸುವ ರೇಡಿಯೋ ಅಯೋಡಿನ್, ಶಸ್ತ್ರಚಿಕಿತ್ಸೆ.

ಸ್ಟ್ರಿಪ್ ವೈದ್ಯರಿಗೆ ತೋರಿಸಿ ಕೊಟ್ಟುಬಿಡಿ ಎಂದೆ. ಮೊದಲ ಆರು ತಿಂಗಳ ರಕ್ತ ಪರೀಕ್ಷೆಯ ದಿನಗಳನ್ನು ಅವರಿಂದಲೇ ಬರೆಸಿಕೊಂಡು ಬರಲು ಹೇಳಿದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುತ್ತಿದ್ದರು. ಅದು ರಿಪೋರ್ಟನ್ನೇ ಅಡ್ಡದಾರಿಗೆ ಎಳೆಯಬಲ್ಲದು, ಪರೀಕ್ಷೆಗೆ ಮೊದಲೇ ತಿಳಿಸಬೇಕು. ಬಸಿರಾಗುವ ಯೋಚನೆಯಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಮತ್ತೊಂದು ಕೆಲಸ ಕೊಟ್ಟೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆಯುವುದು. ಹೆದರಿಕೆಯ ಬಡಿತ ಬಂದು ಹೋಗುತ್ತದೆ, ಥೈರಾಯ್ಡಿನ ಬಡಿತ ಮಲಗಿದಾಗಲೂ ಅಷ್ಟಾಗಿ ಇಳಿಯುವುದಿಲ್ಲ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಪರೀಕ್ಷೆಯ ದಿನಕ್ಕೆ ಕಾಯದೆ ಫೋನ್ ಮಾಡಬೇಕು.

ಮೂರನೇ ತಿಂಗಳು ಪುಸ್ತಕ ತಂದು ತೋರಿಸಿದರು. 72, 70, 74, ಮತ್ತೆ 72. ಒಂದೇ ಕಡೆ 92. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, "ಎಣಿಸೋವಾಗ ಜಿರಳೆ ಬಂತು."