ಅಪ್ಪ-ಅಮ್ಮನ ಜೊತೆ ಮಾಲ್ಡೀವ್ಸ್: ವಾಟರ್ ವಿಲ್ಲಾನಾ, ಬೀಚ್ ವಿಲ್ಲಾನಾ?

ಅಪ್ಪ-ಅಮ್ಮನ ನಲವತ್ತನೇ ವಾರ್ಷಿಕೋತ್ಸವ, ನಾಲ್ಕು ರಾತ್ರಿ, ವಾಟರ್ ವಿಲ್ಲಾ (ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ್ದು) ತಗೊಳ್ಳಲೋ ದಡದ ಮರಳಿನ ಮೇಲಿನ ಬೀಚ್ ವಿಲ್ಲಾನೋ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಮೂರು ವಾರ ರೂಮಿನ ಫೋಟೊ ನೋಡುತ್ತಾ ಕೂತಿದ್ದೆ. ವಿಮಾನದ ಟಿಕೆಟ್ ತೆಗೆದದ್ದು ಮಾತ್ರ ಹತ್ತೇ ನಿಮಿಷದಲ್ಲಿ. ಆ ಹತ್ತು ನಿಮಿಷದಿಂದ ನಮ್ಮ ನಾಲ್ಕು ರಾತ್ರಿಯಲ್ಲಿ ಎರಡು ಹೋಯಿತು.

2024ರ ಫೆಬ್ರವರಿ. ಬಾ ಅಟಾಲ್‌ನ (ಅಟಾಲ್ ಅಂದರೆ ಹವಳ ದ್ವೀಪಗಳ ಗುಂಪು) ಒಂದು ರೆಸಾರ್ಟ್, ರಾಜಧಾನಿ ಮಾಲೆಯಿಂದ ಸೀಪ್ಲೇನಿನಲ್ಲಿ ನಲವತ್ತು ನಿಮಿಷ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನವೇ ಇದೆ. ಆದರೆ ಬೇರೆ ಊರಿನ ಮೇಲೆ ಹೋಗುವ ಟಿಕೆಟ್ಟಿನಲ್ಲಿ ಮೂವರಿಗೂ ಸೇರಿ ಹನ್ನೊಂದು ಸಾವಿರ ಉಳಿಯುತ್ತಿತ್ತು, ಅದನ್ನೇ ಬುಕ್ ಮಾಡಿದೆ. ಮಾಲೆ ತಲುಪುವುದು ಸಂಜೆ 4:20ಕ್ಕೆ. ಚೆಕ್ ಇನ್ ಹೇಗೂ ಮಧ್ಯಾಹ್ನದ ಮೇಲೆ ತಾನೇ, ರಾತ್ರಿ ಊಟದ ಹೊತ್ತಿಗೆ ಸೇರಿದರಾಯಿತು ಅಂದುಕೊಂಡೆ.

ಸೀಪ್ಲೇನ್ ಕತ್ತಲಲ್ಲಿ ಹಾರುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅದು ಇಳಿಯುವುದು ನೀರಿನ ಮೇಲೆ. ಅಲ್ಲಿ ರನ್‌ವೇ ಇಲ್ಲ, ದೀಪದ ಸಾಲಿಲ್ಲ. ಅಲೆ, ಗಾಳಿ, ಹವಳದ ದಿಬ್ಬ, ಅಡ್ಡ ಬರುವ ದೋಣಿ ಎಲ್ಲವನ್ನೂ ಪೈಲಟ್ ಕಣ್ಣಾರೆ ನೋಡಿಯೇ ಇಳಿಸಬೇಕು. ಅಲ್ಲಿ ಆರು, ಆರೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ: ಹೋಗಲು ನಲವತ್ತು ನಿಮಿಷ, ದಾರಿಯಲ್ಲಿ ಇನ್ನೊಂದು ದ್ವೀಪಕ್ಕೆ ಜನ ಇಳಿಸಿದರೆ ಮತ್ತೆ ಇಪ್ಪತ್ತು, ಅದಕ್ಕೂ ಮೊದಲು ಇಮಿಗ್ರೇಷನ್, ಲಗೇಜ್, ಸೀಪ್ಲೇನ್ ಟರ್ಮಿನಲ್‌ಗೆ ಬಸ್ಸು. ಅದಕ್ಕೇ ಮಧ್ಯಾಹ್ನ 3:30ರೊಳಗೆ ಮಾಲೆಯಲ್ಲಿ ಇಳಿದಿರಬೇಕು ಅಂತ ರೆಸಾರ್ಟಿನವರ ಮೇಲ್‌ನಲ್ಲೇ ಇತ್ತು. ಸ್ಪಾ, ಡಿನ್ನರ್ ಪ್ಯಾಕೇಜುಗಳ ವಿವರದ ಕೆಳಗೆ. ನಾನು ಅಲ್ಲಿಯವರೆಗೆ ಓದಲೇ ಇಲ್ಲ.

ಇನ್ನೊಂದು ದಾರಿಯೂ ಇತ್ತು. ಬಾ ಅಟಾಲ್‌ನ ಧರವಂಧೂನಲ್ಲಿ ಸಣ್ಣ ವಿಮಾನ ನಿಲ್ದಾಣವಿದೆ. ಅಲ್ಲಿಗೆ ಮಾಲೆಯಿಂದ ಮಾಮೂಲಿ ವಿಮಾನ ಕತ್ತಲಾದ ಮೇಲೂ ಹೋಗುತ್ತದೆ, ಮುಂದೆ ಸ್ಪೀಡ್‌ಬೋಟ್. ನಾವು ಕೇಳುವ ಹೊತ್ತಿಗೆ ಸೀಟಿರಲಿಲ್ಲ. ಆ ರಾತ್ರಿ ಏರ್‌ಪೋರ್ಟಿನ ಪಕ್ಕದ ಹುಲ್ಹುಮಾಲೆಯ ಗೆಸ್ಟ್‌ಹೌಸಿನಲ್ಲಿ ಕಳೆದೆವು. ಅಮ್ಮ ದಾಲ್ ಜೊತೆ ರೋಶಿ ತಿಂದು (ನಮ್ಮ ಚಪಾತಿಯಂಥದ್ದೇ) "ಇದೇ ರೆಸಾರ್ಟಾ?" ಅಂತ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ವಾಪಸ್ ಬರುವಾಗಲೂ ಇದೇ ಆಯಿತು. ನಮ್ಮ ವಿಮಾನ ಬೆಳಗ್ಗೆ 9:10ಕ್ಕೆ, ಆರೂವರೆ ಹೊತ್ತಿಗೆ ಏರ್‌ಪೋರ್ಟಿನಲ್ಲಿ ಇರಬೇಕು. ಬೆಳಕು ಹರಿಯುವ ಮುಂಚೆ ಸೀಪ್ಲೇನ್ ಹೊರಡುವುದಿಲ್ಲವಲ್ಲ. ಹಿಂದಿನ ದಿನ ಮಧ್ಯಾಹ್ನವೇ ದ್ವೀಪ ಬಿಡಬೇಕಾಯಿತು. ದುಡ್ಡು ಕಟ್ಟಿದ್ದು ನಾಲ್ಕು ರಾತ್ರಿಗೆ, ಅಲ್ಲಿ ಮಲಗಿದ್ದು ಎರಡು ರಾತ್ರಿ. ಬುಕ್ ಮಾಡಿ ಬಾರದ ರಾತ್ರಿಗೆ ಅವರು ಹಣ ಹಿಂತಿರುಗಿಸಲಿಲ್ಲ. ನಿಯಮ ಬರೆದೇ ಇತ್ತು.

ಸಿಕ್ಕಿದ ಎರಡು ದಿನ ಬಹಳ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಪೈಲಟ್ ಬರಿಗಾಲಲ್ಲಿ ವಿಮಾನ ಓಡಿಸುತ್ತಿದ್ದ. ಅಪ್ಪ ದಾರಿಯುದ್ದಕ್ಕೂ ಕಿಟಕಿ ಬಿಟ್ಟು ಆ ಕಾಲುಗಳನ್ನೇ ನೋಡಿದರು. ನಾನು ಹಟ ಮಾಡಿ ವಾಟರ್ ವಿಲ್ಲಾ ತಗೊಂಡಿದ್ದೆ. ನೀರಿಗಿಳಿಯುವ ಏಣಿ ಕಡಿದಾಗಿತ್ತು, ಪಾಚಿಯೂ ಹಿಡಿದಿತ್ತು. ಮಂಡಿನೋವಿನ ಅಪ್ಪ ಒಮ್ಮೆಯೂ ಇಳಿಯಲಿಲ್ಲ. ರಾತ್ರಿಯೆಲ್ಲ ಕೆಳಗೆ ನೀರು ಬಡಿಯುವ ಸದ್ದಿಗೆ ಅಮ್ಮನಿಗೆ ನಿದ್ದೆಯಿಲ್ಲ. ಬೆಳಗ್ಗೆ ಆರಕ್ಕೆ ಇಬ್ಬರೂ ಎದ್ದು, ಆ ಉದ್ದನೆಯ ಮರದ ಸೇತುವೆ ದಾಟಿ ದಡಕ್ಕೆ ಹೋಗಿ ಕೂತಿರುತ್ತಿದ್ದರು. ಮೊಣಕಾಲುದ್ದದ ನೀರಿನಲ್ಲಿ ರೆಕ್ಕೆತುದಿ ಕಪ್ಪಗಿರುವ ಶಾರ್ಕ್ ಮರಿಗಳು ಸಾಲಾಗಿ ಬರುತ್ತವೆ, ಒಂದೊಂದೂ ಮೊಳದುದ್ದ. ಅಮ್ಮ ಸೀರೆ ಎತ್ತಿಕಟ್ಟಿ ಅಲುಗದೆ ನಿಂತಿದ್ದಳು. ಒಂದು ಮರಿ ಅವಳ ಪಾದದ ಹತ್ತಿರ ಬಂದು, ಸರಕ್ಕನೆ ತಿರುಗಿ ಹೋಯಿತು. "ಮೂಸಿ ಹೋಯ್ತು ಕಣೋ" ಅಂದಳು. ಇಂಥ ಇನ್ನೆರಡು ಬೆಳಗನ್ನು ನಾನು ಹನ್ನೊಂದು ಸಾವಿರಕ್ಕೆ ಮಾರಿಬಿಟ್ಟಿದ್ದೆ.

ಹಾಗಾಗಿ ಯಾವ ವಿಲ್ಲಾ ಅನ್ನೋದು ಮೊದಲ ಪ್ರಶ್ನೆಯೇ ಅಲ್ಲ. ದ್ವೀಪಕ್ಕೆ ಯಾವುದರಲ್ಲಿ, ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದು ಮೊದಲು. ನಾಲ್ಕೇ ರಾತ್ರಿಗೆ, ಅದೂ ವಯಸ್ಸಾದವರ ಜೊತೆ ಸೀಪ್ಲೇನಿನ ದೂರದ ದ್ವೀಪ ಬೇಡವೇ ಬೇಡ. ಉತ್ತರ ಅಥವಾ ದಕ್ಷಿಣ ಮಾಲೆ ಅಟಾಲ್‌ನಲ್ಲಿ ಸ್ಪೀಡ್‌ಬೋಟಿನಲ್ಲಿ ಹೋಗುವಂಥದ್ದನ್ನು ಹುಡುಕಿ. ಕತ್ತಲಾದರೂ ದೋಣಿ ಬರುತ್ತದೆ. ಸೀಪ್ಲೇನಿಗೆ ನಾವು ತಲೆಗೆ 450 ಡಾಲರ್ ಕೊಟ್ಟಿದ್ದೆವು, ಅದರಲ್ಲೂ ಒಂದಷ್ಟು ಉಳಿಯಬಹುದು. ವಿಲ್ಲಾ ಅಂದರೆ ಬೀಚ್ ವಿಲ್ಲಾನೇ, ಅದರಲ್ಲಿ ಯೋಚಿಸುವಂಥದ್ದೇನಿಲ್ಲ. ಬಾಗಿಲು ತೆಗೆದರೆ ಮರಳು, ನಾಲ್ಕು ಹೆಜ್ಜೆಗೆ ನೀರು. ಹೌಸ್ ರೀಫ್ (ದ್ವೀಪದ ಪಕ್ಕದಲ್ಲೇ ಇರುವ ಹವಳದ ದಿಬ್ಬ) ದಡದಿಂದ ಎಷ್ಟು ದೂರ ಅಂತ ಕೇಳಿ. ಕೆಲವು ದ್ವೀಪಗಳ ಸುತ್ತ ಬರೀ ಮರಳಿರುತ್ತದೆ, ಮೀನು ನೋಡಬೇಕಾದರೆ ಮತ್ತೆ ದೋಣಿಗೆ ದುಡ್ಡು. ದರದ ಪಕ್ಕ ಎರಡು ಪ್ಲಸ್ ಗುರುತಿದ್ದರೆ 10% ಸರ್ವಿಸ್ ಚಾರ್ಜ್, 17% ಜಿಎಸ್‌ಟಿ ಸೇರಿಸಿಕೊಳ್ಳಿ. ಗ್ರೀನ್ ಟ್ಯಾಕ್ಸ್ ಬೇರೆ, 2025ರಿಂದ ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್.

ಸೀಪ್ಲೇನಿನ ದೂರದ ದ್ವೀಪದ ಮೇಲೇ ಮನಸ್ಸು ನಿಂತಿದ್ದರೆ ಇವತ್ತೇ ಟಿಕೆಟ್ ತೆಗೆಯಬೇಡಿ. ಹೋಗುವ ದಿನ ಎಷ್ಟರೊಳಗೆ ಮಾಲೆಯಲ್ಲಿ ಇಳಿದಿರಬೇಕು, ಬರುವ ದಿನದ ಮೊದಲ ಸೀಪ್ಲೇನ್ ಮಾಲೆಗೆ ಎಷ್ಟಕ್ಕೆ ಮುಟ್ಟುತ್ತದೆ ಅಂತ ರೆಸಾರ್ಟಿಗೆ ಮೇಲ್ ಹಾಕಿ. ಅದು ಮಾಲೆ ಸಮಯವೋ ದ್ವೀಪದ ಸಮಯವೋ ಅಂತಲೂ ಕೇಳಿ, ಏಕೆಂದರೆ ಎಷ್ಟೋ ರೆಸಾರ್ಟುಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತವೆ. ಉತ್ತರ ಬಂದ ಮೇಲೆ ಬೆಂಗಳೂರಿನ ನೇರ ವಿಮಾನದ ವೇಳೆ ಅದಕ್ಕೆ ಹೊಂದುತ್ತದಾ ನೋಡಿ, ಆಮೇಲೆ ದುಡ್ಡು ಕಟ್ಟಿ.