ತಲಪಾಡಿ ದಾಟಿದ ಮೇಲೆ ವಯರಿಂಗಿಗೆ ಯಾರ ಸಹಿ?

ತಲಪಾಡಿ ಗಡಿಯ ಈಚೆ, ಕೇರಳದ ಮಂಜೇಶ್ವರದ ಹೊಸ ಮನೆಗೆ ನಿಮ್ಮ ಮಂಗಳೂರಿನ ವಯರ್‌ಮ್ಯಾನನ್ನೇ ಕರೆದುಕೊಂಡು ಬರಬಹುದಾ ಎಂದು ಕೇಳಿದ್ದೀರಿ. ಬಂದು ಊಟ ಮಾಡಿ ಹೋಗಲಿ, ಅಡ್ಡಿಯಿಲ್ಲ. ತಂತಿ ಎಳೆಯುವ ಮೊದಲು ಮಾತ್ರ ಸ್ವಲ್ಪ ನಿಲ್ಲಿ.

ಸುರಕ್ಷತೆಯ ನಿಯಮ ಇಡೀ ದೇಶಕ್ಕೆ ಒಂದೇ. ಅದನ್ನು ಮಾಡುವುದು ಕೇಂದ್ರ ವಿದ್ಯುತ್ ಪ್ರಾಧಿಕಾರ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ತಂತಿ ಅಲ್ಲೂ ಅರ್ತೇ, ಇಲ್ಲೂ ಅರ್ತೇ. ಆದರೆ ಲೈಸೆನ್ಸ್ ಕೊಡುವುದು ರಾಜ್ಯ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ, ನಮಗೆ ತಿರುವನಂತಪುರದ ಲೈಸೆನ್ಸಿಂಗ್ ಬೋರ್ಡ್. ಹೊಸ ವಯರಿಂಗಿಗೆ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಬೇಕು, ನೋಡಿಕೊಳ್ಳಲು ಸೂಪರ್‌ವೈಸರ್ ಬೇಕು, ಕೈಯಿಟ್ಟು ಮಾಡುವವನಿಗೆ ಪರ್ಮಿಟ್ ಬೇಕು. ಅದು ಮನೆ ಇರುವ ರಾಜ್ಯ ಕೊಟ್ಟದ್ದೋ ಒಪ್ಪಿಕೊಂಡದ್ದೋ ಆಗಿರಬೇಕು. ಬಲ್ಬು, ಫ್ಯಾನು, ಸ್ವಿಚ್ಚು ಬದಲಿಸಲು ಇದೆಲ್ಲ ಬೇಡ.

ತಮಾಷೆ ಏನೆಂದರೆ, ಹಳೆಯ ಭಾರತೀಯ ವಿದ್ಯುತ್ ನಿಯಮಗಳು ಬಂದದ್ದು 1956ರಲ್ಲಿ. ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ದೂ ಅದೇ ವರ್ಷ!

ಕನೆಕ್ಷನ್ ಕೇಳಲು ಕೇರಳದ ವಿದ್ಯುತ್ ಮಂಡಳಿಯ (ಕೆ.ಎಸ್.ಇ.ಬಿ.) ಸೆಕ್ಷನ್ ಆಫೀಸಿಗೆ ಹೋದಾಗ ಕೆಲಸ ಮುಗಿಸಿ ಟೆಸ್ಟ್ ಮಾಡಿದ ಕಾಗದ ಕೇಳುತ್ತಾರೆ. ಅದರ ಮೇಲೆ ಇಲ್ಲಿ ನಡೆಯುವ ಸಹಿ ಇರಬೇಕು. ನಮ್ಮ ನೆಂಟರೊಬ್ಬರು ಆಚೆಯ ಹುಡುಗನಿಂದ ಚಂದಕ್ಕೆ ಕೆಲಸ ಮಾಡಿಸಿದ್ದರು. ಸಹಿಗೆಂದು ಇಲ್ಲಿಯವರ ಹತ್ತಿರ ಹೋದರೆ, "ಗೋಡೆಯೊಳಗೆ ಏನು ಹಾಕಿದ್ದಾರೆಂದು ನಾನು ನೋಡಲಿಲ್ಲವಲ್ಲ" ಎಂದರು. ಅವರು ಹೇಳಿದ್ದು ಸರಿಯೇ ಅಲ್ವಾ? ಎರಡು ಕಡೆ ಗಾರೆ ಒಡೆದು ತೋರಿಸಬೇಕಾಯಿತು. ಹಾಗಾಗಿ ಇಲ್ಲಿಯವರನ್ನೇ ಹಿಡಿಯಿರಿ. ಭಾಷೆಯ ಹೆದರಿಕೆ ಬೇಡ. ಕಾಗದ ಮಲಯಾಳದಲ್ಲಿದ್ದರೂ ಹೆಚ್ಚಿನವರಿಗೆ ತುಳು ಬರುತ್ತದೆ, ಕನ್ನಡವೂ ಬರುತ್ತದೆ. ಪರ್ಮಿಟ್ ಕೇಳಿ ನೋಡಿ, ಅವಧಿ ಮುಗಿದಿದೆಯಾ ಎಂದೂ ನೋಡಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡುವುದಿಲ್ಲ.

ಇಲ್ಲಿಯವರೇ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ನಮ್ಮ ಮಣ್ಣು. ಮಳೆಗಾಲದಲ್ಲಿ ಅಂಗಳವೆಲ್ಲ ನೀರು, ಅರ್ತ್ ಚೆನ್ನಾಗಿಯೇ ಸಿಗುತ್ತದೆ. ಏಪ್ರಿಲ್ ಬಂತೆಂದರೆ ನೆಲದ ಕೆಂಪು ಮುರಕಲ್ಲು ಒಣಗಿ ಬಿಸಿ ಹಂಚಿನಂತಾಗುತ್ತದೆ, ಅರ್ತ್ ಸಿಗುವುದೇ ಕಷ್ಟ. ಆಗಸ್ಟಿನಲ್ಲಿ ಅಳೆದು "ಸರಿ ಇದೆ" ಎಂದರೆ ಸುಮ್ನೆ ನಂಬಬೇಡಿ. ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಸಿ. ಅರ್ತ್ ಗುಂಡಿಯನ್ನು ಬಚ್ಚಲ ನೀರು ಹರಿದುಹೋಗುವ ಬದಿಗೆ ತೋಡಿಸಿದರೆ ತೇವ ಉಳಿಯುತ್ತದೆ. ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಅಂದರೆ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ., ಹಾಕಿಸದೆ ಬಿಡಲೇಬೇಡಿ. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಕರೆಂಟು ಹೋಗದಿದ್ದರೆ ಆ ದಿನವೇ ವಯರ್‌ಮ್ಯಾನಿಗೆ ಫೋನ್ ಮಾಡಿ.